ಮಣ್ಣಿಗೆ ಹೊಂಟವರು

ನಮ್ಮ ಪಡಸಾಲೆಯ ಬಾಗಿಲ ಹಿಂದೆ ಒಂದು ಗೂಟವಿದೆ. ಅದಕ್ಕೆ ಒಂದು ಕೊಡೆ, ನನ್ನ ಹೆಂಡತಿ ಶಾಂತಾಳ ಸಂತೆಯ ಚೀಲ, ಮತ್ತು ಕಿತ್ತಳೆ ಬಣ್ಣದ ಒಂದು ತೋಳಿಲ್ಲದ ಜಾಕೀಟು ನೇತುಬಿದ್ದಿವೆ. ಜಾಕೀಟೆಂದರೆ ಅಂಥಿಂಥದ್ದಲ್ಲ. ಎದೆಗೂ ಬೆನ್ನಿಗೂ ಬೆಳ್ಳಿಪಟ್ಟಿ ಹೊಡೆದದ್ದು, ದೀಪದ ಬೆಳಕು ಬಿದ್ದರೆ ಫಳಕ್ಕನೆ ಹೊಳೆಯುವಂಥದ್ದು. ಬೆನ್ನಮೇಲೆ ದೊಡ್ಡ ಅಕ್ಷರದಲ್ಲಿ ‘ಮಾರ್ಷಲ್’ ಎಂದು ಬರೆದಿದೆ. ಕಿಸೆಯಲ್ಲಿ ಒಂದು ಸೀಟಿ ಇದೆ. ಮನೆಗೆ ಬಂದವರು ಚಹಾ ಕುಡಿಯುತ್ತ ಅದರ ಕಡೆ ಕಣ್ಣು ಹಾಯಿಸಿ, “ಏನ್ರಿ ಮಾಸ್ತರ, ರಿಟೈರ್ ಆದಮ್ಯಾಲ ರೋಡ ಮಾಡೋ ಕೆಲಸಕ್ಕ ಹತ್ತೀರೇನ?” ಎನ್ನುತ್ತಾರೆ. ನಾನು ನಗುತ್ತೇನೆ. ಶಾಂತಾ ಮಾತ್ರ ಪ್ರತಿವರ್ಷ ಗೋವಿನಜೋಳ ತೆನೆ ಹಿಡಿಯುವ ಹೊತ್ತಿಗೆ, “ಅದನ್ನರ ಬಾಜೂ ಮನಿಯವರ ಹೊಲಕ್ಕ ಕೊಡ್ರಿ, ಬೆದರಗೊಂಬಿಗೆ ಹಾಕ್ತಾರ. ನಿಮ್ಮ ಮೈಮ್ಯಾಲ ಇದ್ದಾಗ ಮಂದಿನ್ನ ಬೆದರಿಸೇತಿ, ಇನ್ನ ಹಕ್ಕಿ ಬೆದರಿಸಲಿ” ಎನ್ನುತ್ತಾಳೆ. ಅಂದಮೇಲೆ ತಾನೇ ನಾಲಿಗೆ ಕಚ್ಚಿಕೊಂಡು ಒಳಗೆ ಹೋಗುತ್ತಾಳೆ. ಯಾಕೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ನಿಮಗೂ ಹೇಳಿಬಿಡುತ್ತೇನೆ. ಬಹಳ ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಯಿತು.

ಮನುಷ್ಯನಿಗೆ ಇನ್ನೊಬ್ಬರನ್ನು ತಡೆದು ನಿಲ್ಲಿಸುವುದರಲ್ಲಿ ಒಂದು ಸುಖವಿದೆ. ಇದನ್ನು ನಾನು ಚಡ್ಡಿ ಹಾಕುವ ವಯಸ್ಸಿನಲ್ಲೇ ಕಂಡುಕೊಂಡೆ. ನಾವು ಸಣ್ಣವರಿದ್ದಾಗ ನಮ್ಮ ಕೊಣ್ಣೂರಿನ ಆಚೆಯ ರೈಲು ಗೇಟಿನಲ್ಲಿ ರಾಮಣ್ಣ ಎಂಬ ಗೇಟಿನವನಿದ್ದ. ಅಂಗೈ ಅಗಲದ ಒಂದು ಕೋಣೆ, ಕೆಂಪು ಬಾವುಟ, ಹಸಿರು ಬಾವುಟ, ಬಾಯಲ್ಲಿ ಆರಿದ ಬೀಡಿ. ಇಷ್ಟೇ ಅವನ ಸಂಸಾರ. ಆದರೆ ಅವನು ಗೇಟು ಇಳಿಸಿದನೆಂದರೆ ಬಸ್ಸು ನಿಲ್ಲುತ್ತಿತ್ತು, ಗೌಡರ ಜೀಪು ನಿಲ್ಲುತ್ತಿತ್ತು, ಕಬ್ಬಿನ ಚಕ್ಕಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಾವು ಚಕ್ಕಡಿಯಿಂದ ಕಬ್ಬು ಹಿರಿಯುವ ನೆಪದಲ್ಲಿ ಹೋಗಿ ಅವನನ್ನೇ ನೋಡುತ್ತಿದ್ದೆವು. ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಸಾಲೆಯಲ್ಲಿ ಕೇಳಿದಾಗ ಉಳಿದವರೆಲ್ಲ ಡಾಕ್ಟರು, ಫೌಜುದಾರ ಎಂದರೆ ನಾನು ಎದ್ದು ನಿಂತು “ಗೇಟಿನ ರಾಮಣ್ಣ” ಎಂದಿದ್ದೆ. ಇಡೀ ವರ್ಗ ನಕ್ಕಿತು.

ಆ ರಾಮಣ್ಣನ ಇನ್ನೊಂದು ನೆನಪೂ ಇದೆ. ಒಂದು ಮಧ್ಯಾಹ್ನ ಗೇಟು ಹಾಕಿದ್ದಾಗ ಭಜನೆಯವರ ಹಿಂದೆ ಒಂದು ಹೆಣ ಬಂತು. ರೈಲು ಬರುವುದಿತ್ತು, ರಾಮಣ್ಣ ಗೇಟು ತೆಗೆಯಲಿಲ್ಲ. ಆದರೆ ಬೀಡಿ ಬಿಸಾಕಿದ, ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ರೈಲು ದಾಟುವವರೆಗೆ ಆ ಹೆಣದ ಎದುರು ಕೈಮುಗಿದು ನಿಂತೇ ಇದ್ದ. ಆಮೇಲೆ ಗೇಟೆತ್ತಿ, ಹೆಣ ದಾಟಿದ ಮೇಲೆ ತಾನೂ ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದ. ಆಗ ಅದು ನನ್ನ ಲೆಕ್ಕಕ್ಕೇ ಬರಲಿಲ್ಲ. ನನ್ನ ಕಣ್ಣಿದ್ದದ್ದು ಬಾವುಟದ ಮೇಲೆ.

ಗೇಟಿನವನಾಗುವ ಯೋಗ ಇರಲಿಲ್ಲ, ಪಿ.ಟಿ. ಮಾಸ್ತರನಾದೆ. ಬಾವುಟ ಸಿಗಲಿಲ್ಲ, ಸೀಟಿ ಸಿಕ್ಕಿತು. ಮೂವತ್ತು ವರ್ಷ ಆ ಸೀಟಿ ಊದಿ ಸಾವಿರಾರು ಮಕ್ಕಳನ್ನು ಓಡಿಸಿದೆ, ನಿಲ್ಲಿಸಿದೆ, ಎಡಕ್ಕೆ ಬಲಕ್ಕೆ ತಿರುಗಿಸಿದೆ. ನಿವೃತ್ತನಾದ ಮೇಲೆ ನನ್ನ ಮಾತಿಗೆ ಎಡಕ್ಕೆ ಬಲಕ್ಕೆ ತಿರುಗುವವರು ಯಾರೂ ಉಳಿಯಲಿಲ್ಲ. ಒಮ್ಮೆ ಬೇಸರಕ್ಕೆಂದು ಮನೆಯಲ್ಲೇ ಸೀಟಿ ಊದಿದೆ. ಶಾಂತಾ ಅಡುಗೆಮನೆಯಿಂದ ಬಗ್ಗಿ ನೋಡಿ, “ಕುಕ್ಕರ್ ಒಂದ ಸಾಕಾಗೇತ್ರಿ ನನಗ” ಎಂದಳು. ಅಂಥ ದಿನಗಳಲ್ಲೇ ನನ್ನ ಹಳೆಯ ಶಿಷ್ಯನೊಬ್ಬ ಫೋನು ಮಾಡಿ, ಹುಕ್ಕೇರಿ ಗೋಕಾಕದ ನಡುವಿನ ಗುಡ್ಡದ ಹಾದಿಯಲ್ಲಿ ಕಾರ್ ರ‍್ಯಾಲಿ ಇದೆ, ಒಂದರ ಹಿಂದೊಂದು ಕಾರು ಬಿಟ್ಟು ಓಡಿಸುವ ಪಂದ್ಯ, ಮಾರ್ಷಲ್ ಆಗಿ ನಿಲ್ಲಲು ಸ್ವಯಂಸೇವಕರು ಬೇಕು, ಬರುತ್ತೀರಾ ಸರ್ ಎಂದು ಕೇಳಿದ. ಏನು ಕೆಲಸ ಎಂದೆ. “ಹಾದಿ ಬಂದ್ ಮಾಡಿ ಮಂದಿನ್ನ ನಿಲ್ಲಸೂದ್ರಿ ಸರ್. ಸೀಟಿ ಇರತೈತಿ, ಬಾವುಟಾನೂ ಇರತೈತಿ” ಎಂದ. ಐವತ್ತು ವರ್ಷ ತಡವಾಗಿಯಾದರೂ ನಾನು ಗೇಟಿನ ರಾಮಣ್ಣನಾದೆ.

ರ‍್ಯಾಲಿಯ ಹಿಂದಿನ ದಿನ ಹುಕ್ಕೇರಿಯ ಒಂದು ಕಲ್ಯಾಣಮಂಟಪದಲ್ಲಿ ನಮಗೆ ಪಾಠವಾಯಿತು. ಪಾಠ ಹೇಳಿದವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹಿಂದೊಮ್ಮೆ ಮಾರ್ಷಲ್ ಆಗಿ ನಿಂತಾಗ ನಿಲ್ಲಬಾರದ ಕಡೆ ನಿಂತು ಮುರಿದುಕೊಂಡದ್ದಂತೆ. ಆ ಕಾಲನ್ನೇ ಕುರ್ಚಿಯ ಮೇಲಿಟ್ಟು ತೋರಿಸಿ ಮಾತು ಶುರು ಮಾಡಿದರು.

“ತಿರುವಿನ ಹೊರಬಾಜೂಕ ನಿಂದರಬ್ಯಾಡ್ರಿ. ಗಾಡಿ ತಪ್ಪಿತಂದ್ರ ಹೊರಗ ಬರತೈತಿ. ಗಾಡಿಗೆ ಬೆನ್ನ ಕೊಡಬ್ಯಾಡ್ರಿ. ಕೂಡಾಕ ಜಾಗಾ ಹುಡಕೂಕಿಂತ ಮೊದಲ ಓಡಾಕ ಜಾಗಾ ಹುಡುಕ್ರಿ. ಎಲ್ಲಾಕಿಂತ ಮುಂದಿನ ಗಾಡಿ ಹೊಂಟತಿ ಅಂದಕೂಡ್ಲೆ ಮಂದಿನ್ನ ಅಡ್ಡ ಕಟ್ಟಿದ ಪಟ್ಟಿ ಹಿಂದ ತರುಬ್ರಿ. ಹಾದಿ ಬಂದ್ ಆದಮ್ಯಾಲ ಕಡೀ ಗಾಡಿ ಬರೂತನಾ ನಿಮ್ಮಪ್ಪ ಬಂದ್ರೂ ಬಿಡಬ್ಯಾಡ್ರಿ.”

ಎಲ್ಲರೂ ನಕ್ಕೆವು. ಕಾಕಾ ನಗಲಿಲ್ಲ.

“ಇನ್ನೊಂದ ಮಾತ. ಯಾರಿಗರ ಖರೇನ ಅಡಚಣಿ ಇತ್ತಂದ್ರ ನೀವ ಅಲ್ಲೇ ನಿರ್ಧಾರ ಮಾಡಬ್ಯಾಡ್ರಿ. ವಾಕಿಟಾಕಿ ಒತ್ತಿ ನನಗ ಹೇಳ್ರಿ. ಅತ್ತಾಗಿಂದ ಗಾಡಿ ಬಿಡೂದ ನಿಲ್ಲಸ್ತೇನಿ. ಮಂದಿನ್ನ ನಿಲ್ಲಸೂದ ನಿಮ್ಮ ಕೆಲಸ, ಗಾಡಿ ನಿಲ್ಲಸೂದ ನನ್ನ ಕೆಲಸ.”

ಈ ಕೊನೆಯ ಮಾತನ್ನು ನಾನು ವಹಿಯಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆ ವಹಿ ಈಗಲೂ ಇದೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಸತ್ತವರ ಮನೆಗೆ ಕೊನೆಯ ಕಾರ್ಯಕ್ಕೆ ಹೋಗುವುದನ್ನು ನಾವು ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹೋದವರು ಮುಖ ನೋಡಿ, ಒಂದು ಹಿಡಿ ಮಣ್ಣು ಹಾಕಿ ಬರಬೇಕು. ಮದುವೆಗೆ ಕರೆದರೆ ಹೋದರಾಯಿತು, ಮಣ್ಣಿಗೆ ಕರೆಯದಿದ್ದರೂ ಹೋಗಬೇಕು. ಹಾಗಾಗಿ ‘ಮಣ್ಣಿಗೆ ಹೊಂಟೇನ್ರಿ’ ಎಂದವರನ್ನು ಯಾರೂ ತಡೆಯುವುದಿಲ್ಲ. ತುಂಬಿದ ಬಸ್ಸಿನಲ್ಲೂ ಅವರಿಗೆ ಸೀಟು ಸಿಗುತ್ತದೆ, ದವಾಖಾನೆಯ ಸಾಲಿನಲ್ಲಿ ಮುಂದೆ ಬಿಡುತ್ತಾರೆ, ಸಾಲ ಕೊಟ್ಟವನೂ ಆ ದಿನ ಬಾಯಿ ಮುಚ್ಚಿಕೊಳ್ಳುತ್ತಾನೆ.

ಇಷ್ಟು ಬಲವಿರುವ ಮಾತನ್ನು ಮಂದಿ ಸುಮ್ಮನೆ ಬಿಡುತ್ತಾರೆಯೇ? ನಾನೇ ಬಿಟ್ಟಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಮೂಡಲಗಿಯಲ್ಲಿ ದೊಡ್ಡ ಕುಸ್ತಿ ಇತ್ತು. ಹೆಡ್‌ಮಾಸ್ತರರ ಮುಂದೆ ಮುಖ ಸಣ್ಣದು ಮಾಡಿಕೊಂಡು, ಸೋದರಮಾವನ ಮಣ್ಣಿಗೆ ಹೋಗಬೇಕ್ರಿ ಎಂದೆ. ಅವರು ಕಣ್ಣಲ್ಲಿ ನೀರು ತಂದುಕೊಂಡು ಎರಡು ದಿನ ರಜೆ ಕೊಟ್ಟರು. ಮರುವಾರ ಆ ಸೋದರಮಾವ, ಏನೋ ಕೆಲಸಕ್ಕೆ ಗೋಕಾಕಕ್ಕೆ ಬಂದವನು, ನನ್ನನ್ನು ನೋಡಿಕೊಂಡು ಹೋಗಲು ಸಾಲೆಗೇ ಬಂದುಬಿಟ್ಟ. ಕೈಯಲ್ಲಿ ಎರಡು ಡಬ್ಬಿ ಕರದಂಟು, ಒಂದು ನನಗೆ, ಒಂದು ಹೆಡ್‌ಮಾಸ್ತರರಿಗೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು, “ಮಾಸ್ತರ, ನಿಮ್ಮ ಮಾವ ತೀರಿಕೊಂಡಮ್ಯಾಲ ಭಾಳ ಧಾರಾಳ ಆಗ್ಯಾರ ನೋಡ್ರಿ” ಎಂದರು. ಈ ಕತೆಯನ್ನು ಹೇಳಿ ನಾನು ಎಷ್ಟೋ ಸಲ ಜನರನ್ನು ನಗಿಸಿದ್ದೇನೆ. ಈಗ ಹೇಳುವುದಿಲ್ಲ.

ರ‍್ಯಾಲಿಯ ದಿನ ನನ್ನನ್ನು ನಿಲ್ಲಿಸಿದ್ದು ಗುಡ್ಡದ ಬುಡದ ಒಂದು ಕೂಡುಹಾದಿಯಲ್ಲಿ. ಡಾಂಬರು ರಸ್ತೆಯಲ್ಲಿ ಬಸ್ಸಿಳಿದು ಗುಡ್ಡದ ಆಚೆಯ ಹಳ್ಳಿಗೆ ಹೋಗುವವರು ಅಲ್ಲೇ ಮಣ್ಣಿನ ದಾರಿ ಹಿಡಿಯಬೇಕು. ನಡೆದರೆ ಅರ್ಧ ತಾಸಿನ ಹಾದಿ. ಆ ದಿನ ಆ ದಾರಿಯೇ ಕಾರುಗಳ ದಾರಿ. ನನಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ವಾಕಿಟಾಕಿ, ಕೆಂಪು ಬಾವುಟ, ಸೀಟಿ, ಮತ್ತು ಈ ಜಾಕೀಟು ಕೊಟ್ಟಿದ್ದರು. ಹಾದಿಗೆ ಅಡ್ಡಲಾಗಿ ಪಟ್ಟಿ ಕಟ್ಟಿ, ಸೀಟಿಯನ್ನು ಒಂದು ಸಲ ಊದಿ ನೋಡಿದೆ. ಎದುರಿನ ಗುಡ್ಡ ತಿರುಗಿ ಉತ್ತರ ಕೊಟ್ಟಿತು. ನನಗೆ ಭಾರಿ ಸಂತೋಷವಾಯಿತು.

ಎಂಟೂವರೆಗೆ, ಹಾದಿ ಬಂದ್ ಆದ ಮೇಲೆ, ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ಬಂದರು. ತಲೆಗೆ ಟವೆಲ್ಲು ಸುತ್ತಿ, ಮುಖ ಕೆಳಗೆ ಹಾಕಿದ್ದರು.

“ಬಿಡ್ರಿ ಸರ, ಮಣ್ಣಿಗೆ ಹೊಂಟೇವಿ.”

ನಾನು ಕೂಡಲೇ ವಾಕಿಟಾಕಿ ಒತ್ತಿದೆ. ಕಾಕಾ ಎರಡನೇ ಮಾತಾಡದೆ ಆ ತುದಿಯಲ್ಲಿ ಕಾರು ಬಿಡುವುದನ್ನು ನಿಲ್ಲಿಸಿದರು. ಇಬ್ಬರೂ ಕೈಮುಗಿದು ಹೋದರು. ಆಮೇಲೆ ಕಾರುಗಳು ಶುರುವಾದವು. ಮೂರನೆಯದು ಧೂಳೆಬ್ಬಿಸಿ ಹೋದ ಮೇಲೆ ನೋಡುತ್ತೇನೆ, ಮೇಲಿನ ತಿರುವಿನ ಬಂಡೆಯ ಮೇಲೆ ಆ ಇಬ್ಬರು ಟವೆಲ್ಲು ಹಾಸಿಕೊಂಡು ಕೂತು, ಚುರಮುರಿ ತಿನ್ನುತ್ತ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾರೆ! ಅಲ್ಲಿಯ ಮಾರ್ಷಲ್ ಅವರನ್ನು ಎಬ್ಬಿಸಿ ಕಳಿಸಿ, ಕಾಕಾನಿಗೆ ಹೇಳಿದ. ವಾಕಿಟಾಕಿಯಲ್ಲಿ ಎಲ್ಲರಿಗೂ ಎಲ್ಲವೂ ಕೇಳುತ್ತದೆ. ಕಾಕಾನ ದನಿ ಬಂತು:

“ಮಾಸ್ತರ, ಯಾರ ಮಣ್ಣರಿ ಅದು? ಚುರಮುರಿ ಹಂಚಾಕತ್ತಾರಂತಲ್ಲಾ!”

ಗುಡ್ಡದ ಉದ್ದಕ್ಕೂ ನಿಂತಿದ್ದ ಹತ್ತು ಹನ್ನೆರಡು ಮಾರ್ಷಲ್ಲರು ಒಬ್ಬೊಬ್ಬರೇ ವಾಕಿಟಾಕಿಯ ಗುಂಡಿ ಒತ್ತಿ ಒತ್ತಿ ನಕ್ಕರು. ನನ್ನ ಶಿಷ್ಯನೂ ನಕ್ಕ. ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದವನ ಕಿವಿ ಕೆಂಪಗಾಯಿತು. ಇನ್ನು ಇವತ್ತು ಯಾರು ಬಂದು ಏನು ಹೇಳಿದರೂ ಈ ಗುಂಡಿ ಒತ್ತುವುದಿಲ್ಲ ಎಂದು ಆ ಕುರ್ಚಿಯ ಮೇಲೆ ಕೂತೇ ಗಟ್ಟಿ ಮಾಡಿಕೊಂಡೆ.

ಹತ್ತು ಗಂಟೆಯ ಸುಮಾರಿಗೆ ಬಸ್ಸಿಳಿದು ಒಬ್ಬ ಮುದುಕಿ ಬಂದಳು. ಎಪ್ಪತ್ತೈದರ ಮೇಲಿರಬಹುದು. ಹಣೆಗೆ ವಿಭೂತಿ, ಕಾಲಲ್ಲಿ ಸವೆದ ಚಪ್ಪಲಿ, ಎದೆಗೆ ಅವುಚಿಕೊಂಡ ಒಂದು ಬಟ್ಟೆಯ ಚೀಲ. ಪಟ್ಟಿಯ ಹತ್ತಿರ ಬಂದು ಅದನ್ನು ಎತ್ತಿ ಬಗ್ಗಲು ಹೊರಟಳು.

“ಹೋಗಾಕ ಬರಂಗಿಲ್ಲಬೇ ಯವ್ವಾ. ಗಾಡಿ ಓಡಾಕತ್ತಾವ” ಎಂದೆ.

“ನನ್ನ ತಂಗಿ ಹ್ವಾದ್ಲ ತಮ್ಮಾ. ಮಣ್ಣಿಗೆ ಹೊಂಟೇನಿ. ಹನ್ನೊಂದಕ್ಕ ಎತ್ತತಾರಂತ.”

ನನಗೆ ನಗು ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಬಂತು.

“ಇವತ್ತ ಎಲ್ಲಾರೂ ಮಣ್ಣಿಗೇ ಹೊಂಟಾರಬೇ ಯವ್ವಾ” ಎಂದೆ.

ಅವಳಿಗೆ ನನ್ನ ಮಾತು ಅರ್ಥವಾಗಲಿಲ್ಲ. ಮುಖ ನೋಡಿದಳು. “ನಾ ಬಾಜೂಕ ಹಿಡಕೊಂಡ ಹೋಗತೇನಿ ತಮ್ಮಾ, ನಿನ್ನ ಗಾಡಿಗೆ ಅಡ್ಡ ಬರಂಗಿಲ್ಲ” ಎಂದು ಹಾದಿಯ ಅಂಚಿಗೆ ಎರಡು ಹೆಜ್ಜೆ ಇಟ್ಟಳು. ನಾನು ಸೀಟಿ ಬಾಯಿಗಿಟ್ಟು ಅವಳ ಮುಖದ ಎದುರೇ ಜೋರಾಗಿ ಊದಿದೆ. ಮುದುಕಿ ಬೆಚ್ಚಿಬಿದ್ದಳು. ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಹಿಂದೆ ಸರಿದಳು.

ಒಂದು ವಿಷಯ ನನ್ನ ಪರವಾಗಿಯೂ ಹೇಳಿಕೊಳ್ಳಬೇಕು, ಎಷ್ಟೋ ರಾತ್ರಿ ಹೇಳಿಕೊಂಡಿದ್ದೇನೆ. ಅದಾದ ಐದೇ ನಿಮಿಷದಲ್ಲಿ ಒಂದು ಕಾರು ಆ ಮೇಲಿನ ತಿರುವಿನಲ್ಲಿ ಜಾರಿ, ಮುದುಕಿ ಹಿಡಿದು ಹೋಗಬೇಕೆಂದಿದ್ದ ಅಂಚಿನ ಮೇಲೇ ಬಂದು, ಕಲ್ಲು ಮಣ್ಣು ಸಿಡಿಸಿ, ಜಾಲಿಗಂಟಿಯಲ್ಲಿ ಸಿಕ್ಕಿಕೊಂಡು ನಿಂತಿತು. ಒಳಗಿದ್ದವರಿಗೆ ಏನೂ ಆಗಿರಲಿಲ್ಲ. ಇಳಿದು, ರೂಢಿಯಂತೆ ‘ಎಲ್ಲ ಸರಿ ಇದೆ’ ಎನ್ನುವ ಹಸಿರು ಹಲಗೆ ತೋರಿಸಿದರು. ಅವಳನ್ನು ಹೋಗಲು ಬಿಟ್ಟಿದ್ದರೆ ಆ ದಿನ ಎರಡು ಮಣ್ಣಾಗುತ್ತಿತ್ತು. ತಡೆದದ್ದು ತಪ್ಪಲ್ಲ. ತಪ್ಪಿದ್ದದ್ದು ನನ್ನ ಬಲಗೈ ಹೆಬ್ಬೆರಳಿನಲ್ಲಿ. ವಾಕಿಟಾಕಿಯ ಗುಂಡಿ ಒಂದು ಗೇಣು ದೂರದಲ್ಲಿತ್ತು. ಹತ್ತು ಜನ ನಗುತ್ತಾರೆಂದು ನಾನು ಅದನ್ನು ಒತ್ತಲಿಲ್ಲ.

ಬದಲಿಗೆ ಏನು ಮಾಡಿದೆ ಗೊತ್ತೇ? ನನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಬನ್ನಿಗಿಡದ ನೆರಳಿಗೆ ಎಳೆದು, “ಕೂಡಬೇ ಯವ್ವಾ” ಎಂದೆ. ನೀರು ಕೊಟ್ಟೆ. ಎಂಥ ಒಳ್ಳೆಯ ಮಾರ್ಷಲ್ ನಾನು ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಅವಳು ಕುರ್ಚಿಯ ಮೇಲೆ ಕೂರಲಿಲ್ಲ, ಅದರ ಬಾಜೂ ನೆಲದ ಮೇಲೆ ಕೂತಳು. ಚೀಲ ಮಾತ್ರ ಮಡಿಲಲ್ಲಿತ್ತು. ಒಂದೊಂದು ಕಾರು ಹೋದಾಗಲೂ ಸೆರಗಿನಿಂದ ಧೂಳು ಝಾಡಿಸುತ್ತಿದ್ದಳು. ತನ್ನ ಮೈಮೇಲಿನದಲ್ಲ, ಚೀಲದ ಮೇಲಿನದು. ನಡುವೆ ಎರಡೇ ಸಲ ಮಾತಾಡಿದಳು. ಒಮ್ಮೆ, “ಇನ್ನ ಎಷ್ಟ ಗಾಡಿ ಅದಾವು ತಮ್ಮಾ?” ಇನ್ನೊಮ್ಮೆ, “ಎಷ್ಟಾತು?” ಹನ್ನೊಂದೂವರೆ ಎಂದೆ. “ಹಾದಿ ನೋಡ್ತಾರ. ನಾ ಬರೂತನಾ ಎತ್ತಂಗಿಲ್ಲ” ಎಂದು ನನಗಲ್ಲ, ತನಗೇ ಹೇಳಿಕೊಂಡಳು.

ಕೊನೆಯ ಗಾಡಿ ಬಂದಾಗ ಹನ್ನೆರಡು ದಾಟಿ ಹತ್ತು ನಿಮಿಷ. ನಾನು ಪಟ್ಟಿ ಬಿಚ್ಚುವಷ್ಟರಲ್ಲಿ ಅವಳು ಎದ್ದು ಹೊರಟಿದ್ದಳು. ಅವಸರದಲ್ಲಿ ಎಡವಿದಳು, ಚೀಲದ ಬಾಯಿ ಬಿಚ್ಚಿತು, ಮಡಿಕೆ ಮುರಿಯದ ಒಂದು ಹಸಿರು ಇಳಕಲ್ ಸೀರೆ ಅರ್ಧ ಹೊರಗೆ ಜಾರಿತು. ಅದರ ಮೇಲೆ ಕಟ್ಟಿಟ್ಟ ಒಂದು ಡಜನ್ ಹಸಿರು ಬಳೆ, ಒಂದು ವಿಭೂತಿ ಗಟ್ಟಿ.

ನಮ್ಮಲ್ಲಿ ಹೆಂಗಸು ಸತ್ತರೆ ಮೈಮೇಲೆ ಕೊನೆಯದಾಗಿ ಹೊದಿಸುವ ಸೀರೆ ತವರುಮನೆಯಿಂದ ಬರಬೇಕು. ಗಂಡನ ಮನೆಯಲ್ಲಿ ಎಷ್ಟೇ ಸೀರೆ ಇರಲಿ, ತವರ ಸೀರೆ ಬರದೆ ಹೆಣ್ಣುಮಗಳನ್ನು ಎತ್ತಬಾರದು. ಅದೇ ಸೀರೆ ಎರಡು ತಾಸಿಗೂ ಮೇಲೆ ನನ್ನ ಕುರ್ಚಿಯ ಪಕ್ಕದಲ್ಲಿ ಧೂಳು ಝಾಡಿಸಿಕೊಳ್ಳುತ್ತ ಕೂತಿತ್ತು.

ಬನ್ನಿಗಿಡದ ಹಿಂದೆ ನಿಲ್ಲಿಸಿದ್ದ ನನ್ನ ಮೋಟಾರ್ ಸೈಕಲ್ ತಂದು, “ಹತ್ತಬೇ ಯವ್ವಾ” ಎಂದೆ. ಹತ್ತಿದಳು. ಗುಡ್ಡ ಹತ್ತಿ ಇಳಿಯುವವರೆಗೆ ನನ್ನ ಜಾಕೀಟಿನ ಬೆನ್ನು ಹಿಡಿದುಕೊಂಡಿದ್ದಳು. ಊರ ಹೊರಗಿನ ಹೊಲದಲ್ಲಿ ಜನ ಕಂಡರು. ನಾವು ಹೋಗಿ ಇಳಿದಾಗ ಮಣ್ಣು ಮುಚ್ಚಿಯಾಗಿತ್ತು. ಗುಂಪೆಯ ಮೇಲೆ ಬಿಲ್ವಪತ್ರಿ ಇಟ್ಟು ಊದಿನಕಡ್ಡಿ ಹಚ್ಚುತ್ತಿದ್ದರು.

ಸತ್ತವಳ ಗಂಡ, ಕೋಲೂರಿಕೊಂಡು ನಿಂತಿದ್ದ ಮುದುಕ, ಇವಳನ್ನು ನೋಡಿ ಅಳುತ್ತ ಬಂದ. “ಬಾಳಕ್ಕಾ, ಅರ್ಧಾ ತಾಸ ತಡದ್ವಿ. ತವರ ಸೀರಿ ಬರಲಿ, ಬರಲಿ ಅಂತ ಹಾದಿ ನೋಡಿದ್ವಿ. ಸ್ವಾಮಿಗೋಳು ಹೊತ್ತ ಮೀರತೈತಿ ಅಂದ್ರು. ಮನ್ಯಾಗಿಂದ ಒಂದ ಹೊಚ್ಚಿ ಕಳಿಸಿದ್ವಿ.”

ಅವಳ ಹೆಸರು ಬಾಳವ್ವ ಎಂದು ನನಗೆ ತಿಳಿದದ್ದು ಆಗ. ಬಾಳವ್ವ ಗುಂಪೆಯ ಹತ್ತಿರ ಕೂತಳು. ಚೀಲದಿಂದ ಸೀರೆ ತೆಗೆದು, ಮಡಿಕೆ ಬಿಚ್ಚಿ, ಹಸಿ ಮಣ್ಣಿನ ಮೇಲೆ ಹಾಸಿದಳು. ಸುಕ್ಕಿಲ್ಲದಂತೆ ಅಂಗೈಯಿಂದ ಸವರಿದಳು. ಗಾಳಿಗೆ ಹಾರದಿರಲೆಂದು ನಾಲ್ಕೂ ಅಂಚಿಗೆ ಹಿಡಿ ಹಿಡಿ ಮಣ್ಣು ಒತ್ತಿದಳು. ಬಳೆಗಳನ್ನು ನಡುವೆ ಇಟ್ಟಳು. ಎಷ್ಟೋ ಹೊತ್ತು ಅಲ್ಲೇ ಕೈಯಾಡಿಸುತ್ತ ಕೂತಿದ್ದಳು.

“ಯಾಕ ಇಷ್ಟ ತಡಾ ಆತು ದೊಡ್ಡವ್ವಾ?” ಸತ್ತವಳ ಮಗ ಕೇಳಿದ.

ನಾನು ಕಿತ್ತಳೆ ಜಾಕೀಟು ಹಾಕಿಕೊಂಡು ಅಲ್ಲೇ ನಿಂತಿದ್ದೆ. ಕೊರಳಲ್ಲಿ ಸೀಟಿ. ಬಾಳವ್ವ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ, “ಬಸ್ ಸಿಗಲಿಲ್ಲಪಾ” ಎಂದಳು.

ಆ ಮಗ ನನ್ನ ಎರಡೂ ಕೈ ಹಿಡಿದುಕೊಂಡ. “ಸರ, ನಮ್ಮ ದೊಡ್ಡವ್ವನ್ನ ಗಾಡಿಮ್ಯಾಲ ಕರಕೊಂಡ ಬಂದ್ರಿ. ಪುಣ್ಯಾ ಕಟಗೊಂಡ್ರಿ” ಎಂದ. ಬಾಯಿ ತೆರೆದೆ. ಹೇಳಬೇಕೆಂದೇ ತೆರೆದೆ. ಅಷ್ಟರಲ್ಲಿ ಯಾರೋ ಚಹಾದ ಕಪ್ಪು ಕೈಗಿಟ್ಟರು. ನಾನು ಚಹಾ ಕುಡಿದೆ. ಆ ಚಹಾದ ರುಚಿ ಇನ್ನೂ ಬಾಯಿ ಬಿಟ್ಟಿಲ್ಲ.

ಸಂಜೆ ಮೈಕಿನಲ್ಲಿ ನಮ್ಮನ್ನೆಲ್ಲ ಹೊಗಳಿದರು. ಒಬ್ಬರಿಗೂ ಗಾಯವಾಗದೆ ರ‍್ಯಾಲಿ ಮುಗಿಯಿತೆಂದು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ಕಾಕಾನನ್ನು ಬದಿಗೆ ಕರೆದು ನಡೆದದ್ದು ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಕಾಲು ಎಳೆಯುತ್ತ ಎರಡು ಹೆಜ್ಜೆ ಆಚೆ ಹೋಗಿ, ತಿರುಗಿ ನಿಂತು, “ಒಂದ ಸಲ ಒತ್ತಬೇಕಿತ್ರಿ ಮಾಸ್ತರ. ನಾ ನಿಲ್ಲಸ್ತಿದ್ದೆ. ಆ ಗಾಡಿ ಸಿಕ್ಕೊಂಡಾಗ ಹೆಂಗಿದ್ರೂ ಎಲ್ಲಾ ಗಾಡಿ ಇಪ್ಪತ್ತ ಮಿನಿಟ ನಿಂತಿದ್ವು” ಎಂದರು. ಆಮೇಲೆ ನೆಲ ನೋಡುತ್ತ, “ಮುಂಜಾನೆ ನಾ ನಗಬಾರದಿತ್ತು” ಎಂದರು.

ಶಾಂತಾಳಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು. ಕೇಳಿದವಳೇ, “ಹೋಗಿ ಆಕಿ ಮುಂದ ಹೇಳಿ ಬರ್ರಿ” ಎಂದಳು. ಹೋಗಲು ನಾಲ್ಕು ತಿಂಗಳು ಬೇಕಾಯಿತು. ಸಾವಿರ ಮಕ್ಕಳ ಎದುರು ಸೀಟಿ ಊದುವ ಧೈರ್ಯ ಬೇರೆ, ಒಬ್ಬ ಮುದುಕಿಯ ಎದುರು ತಲೆ ತಗ್ಗಿಸುವ ಧೈರ್ಯ ಬೇರೆ. ಮೊದಲಿನದು ನನ್ನಲ್ಲಿ ಬೇಕಾದಷ್ಟಿತ್ತು.

ಬಾಳವ್ವನ ಮನೆ ಮೂಡಲಗಿಯ ಹತ್ತಿರ, ಕಬ್ಬಿನ ಹೊಲಗಳ ನಡುವೆ. ಮಗ ಮಲ್ಲಪ್ಪ ಟ್ರ್ಯಾಕ್ಟರ್ ಓಡಿಸುತ್ತಾನೆ. ಬಾಳವ್ವನ ತಂಗಿ ಸತ್ತ ದಿನ ಅವನು ಕಬ್ಬಿನ ಲೋಡಿನ ಮೇಲೆ ದೂರ ಹೋಗಿದ್ದ, ಅದಕ್ಕೇ ಅವಳು ಒಬ್ಬಳೇ ಬಂದದ್ದು. ನಾನು ಹೊಸಿಲಲ್ಲೇ ನಿಂತು, “ಯವ್ವಾ, ಅವತ್ತ ನಂದ ತಪ್ಪಾತು” ಎಂದೆ. “ಮದಲ ಕೈಕಾಲ ತೊಳಕೋ” ಎಂದಳು. ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಬಡಿಸಿದಳು. ವಾಕಿಟಾಕಿಯ ವಿಷಯ, ಚುರಮುರಿಯ ವಿಷಯ, ನಗುವಿನ ವಿಷಯ, ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿದಳು.

“ಅವ್ರ ಮುಂದ ನನ್ನ ಹೆಸರ ಯಾಕ ಹೇಳಲಿಲ್ಲಬೇ?” ಎಂದೆ.

“ಹೇಳಿದ್ರ ಆಕಿ ಎದ್ದ ಬರತಿದ್ಲೇನು? ಅಲ್ಲಿ ಮಂದಿ ಅಳಾಕ ಬಂದಿದ್ರು ತಮ್ಮಾ. ಜಗಳಾಡಾಕ ಬಂದಿರಲಿಲ್ಲ.”

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಆದ್ರ ಚೀಲದಾಗ ಒಂದ ಸಲ ನೋಡಬೇಕಿತ್ತು ನೀನು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಆಮೇಲೆ ತಂಗಿಯ ಮಾತು ತೆಗೆದಳು. ಅಪ್ಪ ಅವ್ವ ಹೋಗಿ ಕಾಲವಾಯಿತು, ಒಬ್ಬ ಅಣ್ಣನಿದ್ದವನು ಮಕ್ಕಳಿಲ್ಲದೆ ತೀರಿಕೊಂಡ, ತವರಿನ ಮನೆ ಬಿದ್ದುಹೋಯಿತು. “ನಾಗರ ಪಂಚಮಿಗೆ ಒಂದ ವರ್ಷ ಆಕಿ ನನ್ನ ಮನಿಗೆ ಬರೂದು, ಒಂದ ವರ್ಷ ನಾ ಆಕಿ ಮನಿಗೆ ಹೋಗೂದು. ಆಕಿಗೆ ನಾ ತವರು, ನನಗ ಆಕಿ ತವರು. ನಾ ಅಂತೂ ಆಕಿಗೆ ತಡಾ ಮಾಡಿ ಒಯ್ದೆ. ನನಗ ಇನ್ನ ಯಾರ ತರತಾರೋ ಏನೋ!” ಎಂದು ಬೋಳುಬಾಯಲ್ಲಿ ನಕ್ಕಳು. ನಾನು ಹೊರಡುವಾಗ ನನ್ನ ಫೋನ್ ನಂಬರನ್ನು ಮಲ್ಲಪ್ಪನಿಗೆ ಬರೆದು ಕೊಟ್ಟೆ.

ಮುಂದಿನ ವರ್ಷವೂ ರ‍್ಯಾಲಿಗೆ ಹೋದೆ, ಅದೇ ಕೂಡುಹಾದಿಗೆ. ಹೋಗಬಾರದೆಂದು ಮನಸ್ಸಿತ್ತು, ಕಾಕಾ ಬಿಡಲಿಲ್ಲ. ಹಿಂದಿನ ದಿನದ ಪಾಠದಲ್ಲಿ ನನಗೂ ಎರಡು ಮಾತಾಡಲು ಹೇಳಿದರು. ಎದ್ದು ನಿಂತೆ. ಏನೇನೋ ಹೇಳಬೇಕೆಂದುಕೊಂಡಿದ್ದೆ, “ಮಂದಿ ನಕ್ಕರ ನಗಲಿ, ಗುಂಡಿ ಒತ್ರಿ” ಎಂದಷ್ಟೇ ಹೇಳಿ ಕೂತೆ.

ಹೋದ ತಿಂಗಳು ಒಂದು ಮುಂಜಾನೆ ಶಾಂತಾ ಚಹಾ ಸೋಸುತ್ತಿದ್ದಾಗ ಮಲ್ಲಪ್ಪನ ಫೋನು ಬಂತು. “ಸರ, ಅವ್ವ ಹ್ವಾದ್ಲರಿ” ಎಂದ. ಶಾಂತಾ ಚಹಾ ಅಲ್ಲೇ ಬಿಟ್ಟು, ಸೆರಗು ಸರಿಮಾಡಿಕೊಂಡು, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿದಳು. ಗೋಕಾಕದ ಪೇಟೆಯಲ್ಲಿ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಒಂದು ಅಂಗಡಿಯ ಬಾಗಿಲು ಬಡಿದು, ಮಾಲಕನನ್ನು ಎಬ್ಬಿಸಿ, ನೀಲಿ ಒಡಲಿನ ಒಂದು ಇಳಕಲ್ ಸೀರೆ ಆರಿಸಿದೆವು. ನಾನು ನೋಡಿದ ಎರಡೂ ಸಲ ಬಾಳವ್ವ ನೀಲಿಯನ್ನೇ ಉಟ್ಟಿದ್ದಳು. ಗೂಟದ ಮೇಲಿದ್ದ ಸಂತೆಯ ಚೀಲವನ್ನು ಶಾಂತಾ ತಂದಿದ್ದಳು. ಸೀರೆಯನ್ನು ಅದರಲ್ಲಿಟ್ಟಳು.

ಮೂಡಲಗಿಯ ಹಾದಿಯಲ್ಲಿ ಕಬ್ಬಿನ ಟ್ರೇಲರೊಂದು ಅಡ್ಡ ಬಿದ್ದಿತ್ತು. ಎರಡೂ ಕಡೆ ಗಾಡಿಗಳ ಸಾಲು. ಟ್ರೇಲರಿನ ಬಾಜೂ ಒಂದು ಮೋಟಾರ್ ಸೈಕಲ್ ಹೋಗುವಷ್ಟು ಸಂದಿ ಇತ್ತು. ಅದರ ಬಾಯಲ್ಲಿ ಕೋಲು ಹಿಡಿದು ಒಬ್ಬ ನಿಂತಿದ್ದ, ಮೇಲಿನ ಕಬ್ಬು ಜಾರುತ್ತಿತ್ತು, ಯಾರನ್ನೂ ಬಿಡುತ್ತಿರಲಿಲ್ಲ.

“ಮಣ್ಣಿಗೆ ಹೊಂಟೇವ್ರಿ” ಎಂದೆ.

ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು. ಅದೇ ನೋಟದಿಂದ ನಾನೂ ಒಬ್ಬಳನ್ನು ನೋಡಿದ್ದೆ. ಅವನು ಬಾಯಿ ತೆರೆಯುವ ಮೊದಲೇ ಶಾಂತಾಳ ಕೈಯಿಂದ ಚೀಲ ತೆಗೆದುಕೊಂಡು, ಬಾಯಿ ಅಗಲಿಸಿ ಅವನ ಮುಂದೆ ಹಿಡಿದೆ. ಅವನು ಬಗ್ಗಿ ಒಳಗೆ ನೋಡಿದ. ಕೋಲು ಕೆಳಗಿಟ್ಟ. ಹಿಂದಿದ್ದವರಿಗೆ ಕೈಮಾಡಿ, ಜಾರುತ್ತಿದ್ದ ಕಬ್ಬಿಗೆ ನಾಲ್ಕು ಜನರಿಂದ ಹೆಗಲು ಕೊಡಿಸಿ, ನಮ್ಮನ್ನು ದಾಟಿಸಿದ.

ಬಾಳವ್ವನನ್ನು ಅಂಗಳದಲ್ಲಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಮುಚ್ಚಿದ ಕಣ್ಣು. ಸುತ್ತ ಹೆಂಗಸರು. ಇನ್ನೂ ಎತ್ತಿರಲಿಲ್ಲ. ಬೀಗರ ಕಡೆಯ ಹಿರಿಯನೊಬ್ಬ, ಬಂದವರನ್ನು ವಿಚಾರಿಸಿ ಒಳಗೆ ಬಿಡುತ್ತಿದ್ದವನು, ನಮ್ಮನ್ನು ತಡೆದು ನಿಲ್ಲಿಸಿದ.

“ಯಾರ ಕಡಿಯವರ್ರಿ ನೀವು?”

ಮಲ್ಲಪ್ಪ ದೂರದಲ್ಲಿದ್ದ. ನಾನು ಚೀಲದಿಂದ ಸೀರೆ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ತವರ ಕಡಿಯವರ್ರಿ” ಎಂದೆ.

ಆ ಹಿರಿಯ ಸೀರೆ ನೋಡಿದ, ನನ್ನ ಮುಖ ನೋಡಿದ. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಅಂಗಳದ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ:

“ತವರ ಸೀರಿ ಬಂತು. ಹಾದಿ ಬಿಡ್ರಿ.”